ಮೊದಲ ಅವರದ ನೋಡ್ರಿ

ಬಿಪಿ ಡಬ್ಬಿ ಹಿಡಕೊಂಡು ಮನಿ ಮನಿ ಹೊಕ್ಕರ ದಿನಕ್ಕೊಂದು ತಮಾಷಿ ಆಗೇ ಆಗತೈತಿ. ನಗೋ ಮನಸು ಇರಲಿಕ್ಕಿಲ್ಲ, ಆದರೂ ಆಗತೈತಿ.

ನಮ್ಮೂರು ಯರಗುಪ್ಪಿ ಮಂದಿಗೆ ಎದಿ ಬ್ಯಾನಿ ಬರೂಕಿಂತ ಮೊದಲ ತಿಳೀಲಿ ಅಂತ ನರ್ಸಬಾಯಿ ಎಲ್ಲಾರ ಅಳತಿ ಬರಕೊಂತಾಳ. ನಾ ಆಕಿ ತೂಕದ ಕಾಟಾ ಹೊರತೀನಿ. ಹೋದ ವರ್ಷ ಇಂಥಾದ್ದ ಕ್ಯಾಂಪಿನಾಗ ನನ್ನ ಹೆಂಡತಿ ಪಾಳಿ ಹಚ್ಚಿದ್ದಳು. "ನೀವು ಮುಂದ ಹೋಗ್ರಿ" ಅಂತ ಎಲ್ಲಾರನ್ನೂ ಬಿಟ್ಟಳು. ನನ್ನನ್ನೂ. ಆಕಿ ಪಾಳಿ ಬರೂದರಾಗ ಹೊತ್ತು ಮುಳುಗಿ ಕ್ಯಾಂಪ್ ಮುಗದಿತ್ತು. ಹದಿನೈದು ದಿನಕ್ಕ ಎದಿ ಹಿಡಕೊಂಡಳು. ಗ್ಯಾಸ್ ಅಂತ ಸೋಡಾ ತಂದೆ. ಬಾಟ್ಲಿ ಅರ್ಧಾ ಹಂಗ ಉಳೀತು, ಆಕಿ ಉಳೀಲಿಲ್ಲ.

ಇನ್ನೊಬ್ಬಾಕಿ ಹಂಗ ಹಿಂದ ಉಳೀಬಾರದು. ಅದಕ್ಕ ಹೊರತೀನಿ.

೧. ಬರೇ ಹೊಟ್ಟಿ

ರಕ್ತ ಕೊಡೂರು ಏನೂ ತಿನ್ನದ ಬರ್ರಿ ಅಂತ ಹೇಳಿದ್ವಿ. ಮುಂಜಾನೆ ಒಬ್ಬ ಯಜಮಾನರು ಬಂದರು.

"ಏನರ ತಿಂದೀರೇನ್ರಿ?"

"ಇಲ್ಲವಾ. ಚಾ ಅಷ್ಟ. ಅದರಾಗ ನಾಕು ಟೋಸ್ಟ್ ಅದ್ದಿದ್ದೆ. ಕರಗಿ ಹೋದುವು, ತಿಂದಂಗ ಆತೇನು?"

೨. ತಂಬಾಕು

"ತಂಬಾಕು ತಿಂತೀರೇನ್ರಿ?"

ಮತ್ತೊಬ್ಬಾತ ಗದ್ದ ಮ್ಯಾಲ ಎತ್ತಿ, ತಡೀರಿ ಅಂತ ಕೈ ಮಾಡಿದ. ಹೊರಗ ಹೋಗಿ ಉಗುಳಿ, ಬಾಯಿ ತೊಳಕೊಂಡು ಬಂದು ಕುಂತ.

"ಇಲ್ರಿ."

ನರ್ಸಬಾಯಿ 'ಹೌದು' ಅಂತ ಬರದಳು. ಆತಗ ಸಿಟ್ಟು ಬಂತು: "ನಾ ಇಲ್ಲ ಅಂದೆನಲ್ಲ?"

೩. ಗುಳಿಗಿ

ಬಾಜು ಮನಿ ಚಾಚಿಗೆ ನಾಕು ಹೆಜ್ಜಿಗೆ ತೇಕು. ಎಡಗೈ ತಿಕ್ಕೊಂತಿದ್ದಳು. ನನ್ನಾಕೀನೂ ಹಂಗ ತಿಕ್ಕೊಂತಿದ್ದಳು.

"ಮೊದಲ ಅವರದ ನೋಡ್ರಿ" ಅಂದಳು ಚಾಚಿ, ಚಾಚಾನ ಕಡೆ ಕೈ ಮಾಡಿ. ಊಟಾನೂ ಹಂಗ, ಗಂಡ ಉಂಡ ಮ್ಯಾಲ.

ಚಾಚಾಂದು ನೋಡಿದ್ವಿ. ಸರಿ ಇತ್ತು.

"ಹಂಗಾರ ನಂದೂ ಸರಿ ಇರತೈತಿ" ಅಂತ ಎದ್ದು ಹೊಂಟಳು.

ನಾ ಬಾಗಿಲಕ್ಕ ಅಡ್ಡ ನಿಂತೆ. "ಚಾಚಿ, ಹೋದ ವರ್ಷ ಕ್ಯಾಂಪಿನಾಗ ನಂದೂ ಸರಿ ಇತ್ತು" ಅಂದೆ.

ಆಕಿ ನನ್ನ ಮುಖ ನೋಡಿ ಕುಂತಳು. ಕೈ ಮುಂದ ಮಾಡಿದಳು. ಅಂಕಿ ನೋಡಿದ ನರ್ಸಬಾಯಿ ಗಾಡಿ ಕರೀರಿ ಅಂದಳು. ಅವತ್ತ ಕುಂದಗೋಳ ದವಾಖಾನಿಗೆ ಒಯ್ದಿವಿ. ಜೀವ ಉಳೀತು. ದಿನಾ ಗುಳಿಗಿ ತಪ್ಪಸಬ್ಯಾಡ ಅಂದರು ಡಾಕ್ಟರು.

ಚಾಚಿ ನುಂಗವಲ್ಲಳು. "ಅವರು ನುಂಗಿಲ್ಲ, ನಾ ಹೆಂಗ ನುಂಗಲಿ?"

ಈಗ ದಿನಾ ಮುಂಜಾನೆ ಚಾಚಾ ಆಕಿ ಮುಂದ ಕುಂತು, ಮುಖ ಕಹಿ ಮಾಡಿ, ಗುಳಿಗಿ ಅಂತ ಒಂದು ಪೆಪ್ಪರಮೆಂಟು ಬಾಯಾಗ ಹಾಕ್ಕೊಂಡು ನೀರಿನ ಕೂಡ ನುಂಗತಾರ. ಆಮ್ಯಾಲ ಆಕಿ ನುಂಗತಾಳ.

ಹೋದ ವಾರ ಚಾಚಾ ನನ್ನ ಆಚಿ ಕರದು ಮೆಲ್ಲಕ ಕೇಳಿದರು:

"ಡಾಕ್ಟರು ಆಕಿಗೆ ಸಂಜಿಕೂ ಒಂದು ಗುಳಿಗಿ ಮಾಡ್ಯಾರ. ಹಂಗಾರ ನಂದೂ ಬಿಪಿ ಹೆಚ್ಚಾಗೈತೇನ್ಲೇ?"