ಹಿತ್ತಲಿನ ಮುಚ್ಚಳ

ಯಾವ ಕೆಲಸಕ್ಕೇ ಕೈಹಾಕಲಿ, ಅದನ್ನು ಹಿಂದೆ ಮಾಡಿದವನನ್ನು ಮೊದಲು ಬೈಯಬೇಕು. ಗಾರೆ ಕೆಲಸದವರಿಗೆ ಇದೇ ಮೊದಲ ಪಾಠ. ಕರಣೆ ಹಿಡಿಯುವುದನ್ನು ಕಲಿಯುವುದು ಆಮೇಲೆ. ನಮ್ಮ ಮೇಸ್ತ್ರಿ ಈ ಪಾಠದಲ್ಲಿ ಊರಿಗೇ ಮೊದಲಿಗ. ಗೋಡೆ ಕಂಡರೆ ಬೈಯುತ್ತಿದ್ದ, ಮೆಟ್ಟಿಲು ಹತ್ತಿದರೆ ಬೈಯುತ್ತಿದ್ದ. ಒಮ್ಮೆ ತಾನೇ ಕಟ್ಟಿದ ನೀರಿನ ತೊಟ್ಟಿಯನ್ನು ಗುರುತು ಹತ್ತದೆ ಮನಸಾರೆ ಬೈದು ಬಂದಿದ್ದೂ ಉಂಟು.

ಅವತ್ತು ಸಂಜೆಯ ಬಸ್ಸಿಗೆ ಅವನ ಮಗಳು ಬರುವವಳಿದ್ದಳು, ಕಂಕುಳಲ್ಲಿ ಚೊಚ್ಚಲ ಕೂಸಿನೊಂದಿಗೆ. ಹೆಣ್ಣು ಮಗು. ಹೆರಿಗೆ ದೂರದ ಊರಿನಲ್ಲಾಗಿದ್ದರಿಂದ ಮೇಸ್ತ್ರಿ ಮೊಮ್ಮಗಳ ಮುಖವನ್ನೇ ಕಂಡಿರಲಿಲ್ಲ. ಅವಳನ್ನು ಒಮ್ಮೆ ಎತ್ತಿಕೊಳ್ಳಬೇಕು, ಅಷ್ಟೇ ಅವನ ಧ್ಯಾನ. ಮುಂದೆ ಅವಳು ಅಂಬೆಗಾಲಿಡುವ ಹಿತ್ತಲು ಸಪಾಟಾಗಿರಲಿ ಎಂದು ಬೆಳಗ್ಗೆ ಎದ್ದವನೇ ಹಾರೆ ಹಿಡಿದ. ಬಚ್ಚಲುಮನೆಯ ಪಕ್ಕದಲ್ಲಿ ದುಂಡನೆಯ ಹಳೇ ಚಪ್ಪಡಿಯೊಂದರ ಅಂಚು ನೆಲದಿಂದ ಮೇಲೆದ್ದಿತ್ತು.

“ಯಾವ ಮುಠ್ಠಾಳ ಹಾಕಿದ್ದು ಇದನ್ನ? ಮಟ್ಟ ಇಲ್ಲ, ಮೂಲೆ ಇಲ್ಲ!” ಎಂದು ಗದರಿ ಹಾರೆಯಿಂದ ಮೀಟಿದ. ಚಪ್ಪಡಿ ಎರಡು ಹೋಳಾಗಿ ಒಳಗೆ ಬಿತ್ತು. ಬಿದ್ದ ಸದ್ದು ಮಾತ್ರ ಬರಲೇ ಇಲ್ಲ.

ಕೆಳಗೆ ಕಗ್ಗತ್ತಲೆಯ ಹೊಂಡ. ಮೇಸ್ತ್ರಿ ಬಗ್ಗಿ ಅದರೊಳಕ್ಕೂ ಒಂದು ಬೈಗುಳ ಬಿಟ್ಟ. ಮರುದನಿ ಬರಬೇಕಾದ ಕಡೆಯಿಂದ, ಯಾರೋ ನಾಲಗೆ ಚಪ್ಪರಿಸಿದ ಸದ್ದು ಬಂತು.

ಬೇಲಿಯ ಮೇಲಿದ್ದ ಹುಂಜ ಕತ್ತು ಚಾಚಿ ಕೂಗಿತು. ಕೊಕ್ಕು ತೆರೆಯಿತೇ ಹೊರತು ಕೂಗು ಹೊರಡಲಿಲ್ಲ. ನಾಯಿ ಬೊಗಳಿತು, ಅದೂ ಬರೀ ಬಾಯಿ. ಅಷ್ಟರಲ್ಲಿ ಬಚ್ಚಲುಮನೆಯ ಬಾಗಿಲು ಒಳಗಿಂದ ತೆರೆದುಕೊಂಡು ಇಬ್ಬರು ಹೊರಬಂದರು. ಒಬ್ಬ ನಾರುಬಟ್ಟೆ ಸುತ್ತಿಕೊಂಡ ಗಟ್ಟಿ ಮುದುಕ. ಇನ್ನೊಬ್ಬಳು ಬೊಚ್ಚುಬಾಯಿಯ ಅಜ್ಜಿ. ಮೈಮೇಲೆ ಮೀನಿನ ಹಾಗೆ ಮಿರುಗುವ ಅಂಗಿ, ಕೈಯಲ್ಲಿ ಕರಣೆ.

ಬಟ್ಟೆ ಒಗೆಯುತ್ತಿದ್ದ ಮೇಸ್ತ್ರಿಯ ಹೆಂಡತಿ ಬೆಚ್ಚಿ ಎದ್ದಳು. “ರೀ, ಈಗ ತಾನೇ ನಾನು ಬಚ್ಚಲು ತೊಳೆದು ಬಂದೆ. ಒಳಗೆ ಯಾರೂ ಇರ್ಲಿಲ್ಲ!”

“ಒಳಗಿಂದ ಅಲ್ಲ ತಾಯಿ, ನಾನು ಹಿಂದಿಂದ ಬಂದೆ. ಎಷ್ಟೋ ತಲೆಮಾರಿನ ಹಿಂದಿಂದ,” ಎಂದ ಮುದುಕ. ಮೇಸ್ತ್ರಿಯತ್ತ ತಿರುಗಿ, “ಈ ಚಪ್ಪಡಿ ಹಾಕಿದ ಮುಠ್ಠಾಳ ನಾನೇ,” ಎಂದ.

“ನಾನು ಮುಂದಿಂದ. ಇನ್ನೂ ಬರಬೇಕಾದ ಕಾಲದಿಂದ,” ಎಂದಳು ಅಜ್ಜಿ. “ಯಾವ ಕಾಲದಲ್ಲಿ ಈ ಮುಚ್ಚಳ ತೆಗೆದ್ರೂ ಓಡಿಬಂದು ಮುಚ್ಚೋದು ನಮ್ಮ ಹಣೆಬರಹ. ಬಾಯಿ ಬಿಟ್ಕೊಂಡು ನಿಂತ್ಕೋಬೇಡ, ಗಾರೆ ಕಲಸು.”

“ಒಳಗಿರೋದು ಏನಜ್ಜಿ?”

“ಅದಕ್ಕೆ ಹೆಸರಿಲ್ಲ. ಹೆಸರಿಟ್ಟವರನ್ನೆಲ್ಲ ಅದು ನುಂಗಿದೆ. ಹಗಲೆಲ್ಲ ಒಂದೊಂದೇ ದನಿ ತಿನ್ನುತ್ತೆ, ಹೊತ್ತು ಮುಳುಗಿದ ಮೇಲೆ ಮನುಷ್ಯರನ್ನ. ಮುಚ್ಚಳ ತೆಗೆದವನೇ ಮೊದಲ ತುತ್ತು. ಆಮೇಲೆ ಊರು.”

ಮೇಸ್ತ್ರಿ ಹಾರೆಯನ್ನು ಕೆಳಗಿಟ್ಟ. “ಸಂಜೆ ನನ್ನ ಮೊಮ್ಮಗಳು ಬರ್ತಿದಾಳೆ,” ಎಂದ. ಅಜ್ಜಿ ಮುಖ ತಿರುಗಿಸಿಕೊಂಡು, “ಹಾಗಾದ್ರೆ ಬೇಗ ಕೈ ಆಡಿಸು,” ಎಂದಳು.

ಹೊಸ ಮುಚ್ಚಳಕ್ಕೆ ಹೆಂಡತಿಯ ಒಗೆಯುವ ಕಲ್ಲನ್ನೇ ಕಿತ್ತರು. ಅದನ್ನು ಉಳಿಯಿಂದ ಕೆತ್ತಿ ದುಂಡಗೆ ಮಾಡುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಕೆಲಸ ಅಷ್ಟೇನೂ ದೊಡ್ಡದಲ್ಲ. ಆದರೆ ಮೂವರು ಗಾರೆಯವರು ಒಂದೇ ಹೊಂಡದ ಸುತ್ತ ನಿಂತರೆ ಆಗಬೇಕಾದದ್ದೇ ಆಯಿತು. ಮುದುಕನಿಗೆ ತಾನು ಗಂಟು ಕಟ್ಟಿ ತಂದ ಸುಣ್ಣದ ಗಾರೆಯೇ ಬೇಕು, ಅದನ್ನು ತಿಂಗಳು ಕೊಳೆಸಬೇಕು.

“ತಿಂಗಳು ಕಾಯುತ್ತೇನ್ರೀ ಅದು?” ಎಂದು ಮೇಸ್ತ್ರಿ ಸಿಮೆಂಟು ಚೀಲ ಎಳೆದ.

“ಸಿಮೆಂಟು ಬಿರುಕು ಬಿಡುತ್ತೆ, ನಾನೇ ನೋಡಿದೀನಿ,” ಎಂದು ಅಜ್ಜಿ ಜೇಬಿನಿಂದ ತನ್ನ ಕಾಲದ ಅಂಟಿನ ಟ್ಯೂಬು ತೆಗೆದಳು. ಅಂಟು ಒಣಗಿ ಕಲ್ಲಾಗಿತ್ತು.

“ಭೂಮಿಗೆ ಮುಚ್ಚಳ ಹಾಕೋಕೆ ಬಂದೋರು ಟ್ಯೂಬಿಗೆ ಮುಚ್ಚಳ ಹಾಕಿಲ್ವಾ?” ಎಂದು ಮೇಸ್ತ್ರಿ ರೇಗಿದ. ಅವನು ಅವತ್ತು ಆ ಅಜ್ಜಿಯನ್ನು ಬೈದಷ್ಟು ಯಾವ ಕೂಲಿಯಾಳನ್ನೂ ಬೈದಿರಲಿಲ್ಲ. ಅವಳೂ ಒಂದಕ್ಕೆರಡು ಹಿಂದಿರುಗಿಸಿದಳು. ಬಾಯಲ್ಲಿ ಇಬ್ಬರೂ ಸರಿಸಮ.

ಇಷ್ಟರ ಮಧ್ಯೆ ಪಕ್ಕದ ಮನೆಯ ದರ್ಜಿ ಬೇಲಿ ದಾಟಿ ಬಂದ. ಕರೆಯದೆ ಬರುವುದು, ಕೇಳದೆ ಹೇಳುವುದು ಅವನ ಅಭ್ಯಾಸ. ಹೊಂಡಕ್ಕೆ ಟೇಪು ಹಿಡಿದು ಅಳೆದ.

“ಮೇಸ್ತ್ರಿ, ಅಂಚಲ್ಲಿ ಸ್ವಲ್ಪ ಸಡಿಲ ಬಿಡಿ. ಮುಂದೆ ಅದು ದಪ್ಪ ಆದ್ರೆ ಬಿಗಿಯಾಗುತ್ತೆ. ನಾನು ಹೇಳೋದು ಏನಂದ್ರೆ—”

ಏನೆಂಬುದು ತಿಳಿಯಲಿಲ್ಲ. ತುಟಿಗಳು ಆಡುತ್ತಲೇ ಇದ್ದವು, ದನಿ ಹೊಂಡಕ್ಕಿಳಿದಿತ್ತು. ಬೇಲಿಯಾಚೆಯಿಂದ ದರ್ಜಿಯ ಹೆಂಡತಿ ಇಣುಕಿ, “ಇದು ಎಷ್ಟು ದಿನ ಇರುತ್ತೆ?” ಎಂದು ಆಸೆಯಿಂದ ಕೇಳಿದಳು.

ದನಿ ಹೋದರೂ ಉಪಕಾರಬುದ್ಧಿ ಹೋಗಲಿಲ್ಲ. ಗಾರೆ ಗಟ್ಟಿಯಾಯಿತೆಂದು ದರ್ಜಿ ಒಂದು ಬಕೆಟ್ ನೀರನ್ನು ಅದರ ಮೇಲೆ ಸುರಿದೇಬಿಟ್ಟ. ಗಾರೆ ಹರಿದು ಹಿತ್ತಲಿನ ಪಾಲಾಯಿತು. ಹೊತ್ತು ಮನೆಗಳ ಸೂರಿಗೆ ಇಳಿದಿತ್ತು. ಹೊಂಡದೊಳಗಿನ ಕಪ್ಪು, ಒಲೆಯ ಮೇಲಿನ ಹಾಲಿನಂತೆ ಸದ್ದಿಲ್ಲದೆ ಉಕ್ಕಿ ಬರುತ್ತಿತ್ತು. ಅದರ ಒಂದು ಎಳೆ ಹೊರಚಾಚಿ ಮೇಸ್ತ್ರಿಯ ಪಾದವನ್ನು ಸುತ್ತಿಕೊಂಡಿತು. ಹಿಮದಂತೆ ತಣ್ಣಗೆ ಮಂಡಿಯವರೆಗೆ ಏರಿತು.

ಕೂಗಿಕೊಳ್ಳಲು ಬಾಯಿ ತೆರೆದ. ದನಿಯಿಲ್ಲ. ಕೂಸಿನ ಮುಖ ಕಾಣದೆ ಸಾಯುವುದೇ ಎಂದು ಅವನಿಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಉಳಿದ ಸಿಮೆಂಟನ್ನೂ ಮುದುಕನ ಸುಣ್ಣವನ್ನೂ ಒಟ್ಟಿಗೆ ಕಲಸಿ ಹೊಂಡದ ಬಾಯಿಗೆ ಬಳಿದ. ಮೂವರೂ ಸೇರಿ ಕಲ್ಲನ್ನು ದಬ್ಬಿದರು. ಮೇಸ್ತ್ರಿ ಕಾಲನ್ನು ಕಿತ್ತುಕೊಂಡು ಕಲ್ಲಿನ ಮೇಲೆ ಮಕಾಡೆ ಮಲಗಿಬಿಟ್ಟ. ಹೊಟ್ಟೆಯ ಕೆಳಗೆ ಅದು ಗುದ್ದಿತು. ಕಲ್ಲು ಎದ್ದಿತು, ಕುಳಿತಿತು. ಅಜ್ಜಿ ಮೊಣಕಾಲೂರಿ ಸುತ್ತಲೂ ಕರಣೆ ಆಡಿಸುತ್ತಲೇ ಇದ್ದಳು. ಗುದ್ದು ಮೆಲ್ಲಗಾಯಿತು, ಆಮೇಲೆ ನಿಂತಿತು.

ಹುಂಜ, ನಾಯಿ, ದರ್ಜಿ, ಮೇಸ್ತ್ರಿ ನಾಲ್ಕೂ ದನಿಗಳು ಒಟ್ಟಿಗೇ ವಾಪಸಾದವು. ದರ್ಜಿಯ ಹೆಂಡತಿ ನಿಟ್ಟುಸಿರು ಬಿಟ್ಟು ಗಂಡನನ್ನು ಕೈಹಿಡಿದು ಎಳೆದೊಯ್ದಳು. ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮೇಸ್ತ್ರಿಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುಂಬಾಗಿಲಿಗೆ ಓಡಿದಳು. ಹಿಂದೆಯೇ ಓಡಹೊರಟ ಮೇಸ್ತ್ರಿಯ ತೋಳನ್ನು ಮುದುಕ ಹಿಡಿದುಕೊಂಡ.

“ಪಿಸುಮಾತಲ್ಲೇ ಮಾತಾಡು,” ಎಂದ. “ಈಗ ತಾನೇ ಅದಕ್ಕೆ ನಿದ್ದೆ ಹತ್ತಿದೆ. ಮೊದಲು ರುಚಿ ನೋಡಿದ್ದು ನಿನ್ನ ದನಿ. ಇನ್ನು ನೀನು ಇಲ್ಲಿ ಗಟ್ಟಿಯಾಗಿ ಬಾಯಿ ಬಿಟ್ರೆ ಮತ್ತೆ ಏಳುತ್ತೆ. ನಮ್ಮ ಜೊತೆ ಬರ್ಬೇಕು.”

“ಪಕ್ಕದ ಊರಿಗೆ ಹೋಗ್ತೀನಿ!” ಎಂದು ಮೇಸ್ತ್ರಿ ಪಿಸುಗುಟ್ಟಿದ.

“ನಾನೂ ಹೋಗಿ ನೋಡ್ದೆ. ನೆಲದಡಿ ಹಿಂದೇನೇ ಬಂತು. ಕಾಲ ದಾಟೋದು ಮಾತ್ರ ಅದಕ್ಕೆ ಬರಲ್ಲ. ಅದಕ್ಕೇ ನಾವು ಒಂದು ಕಡೆ ನಿಲ್ಲದೆ ಅಲೀತಿರೋದು. ನಾವೂ ನಿನ್ನ ಹಾಗೇ ಮುಚ್ಚಳ ಮೀಟಿದವರು ಮಗಾ.”

“ಅಪ್ಪಾ!” ಮುಂಬಾಗಿಲಿನಿಂದ ಮಗಳು ಕರೆದಳು. ಜೊತೆಗೆ ಕೂಸಿನ ಅಳು. ಮೇಸ್ತ್ರಿ ಬಾಯಿ ತೆರೆದ. ಅಜ್ಜಿ ಗಾರೆ ಮೆತ್ತಿದ ಅಂಗೈಯಿಂದ ಅದನ್ನು ಮುಚ್ಚಿದಳು. ಕಣ್ಣು ತುಂಬಿಕೊಂಡೇ ಅವನು ಆ ಕೈ ಸರಿಸಿ ಪಿಸುಗುಟ್ಟಿದ.

“ಒಂದೇ ಸಲ ನೋಡ್ಕೊಂಡು ಬರ್ತೀನಿ ಅಜ್ಜಿ. ಉಸಿರೆತ್ತಲ್ಲ.”

“ಎತ್ತುತ್ತೀರಿ. ನಮ್ಮ ಮನೆಯವರಿಗೆ ಬಾಯಿ ನಿಲ್ಲಲ್ಲ,” ಎಂದಳು ಅಜ್ಜಿ. “ನಾನು ದೊಡ್ಡವಳಾಗಿ ಇದೇ ಕಸುಬು ಹಿಡಿದೆ. ಮುದುಕಿಯಾದ ಮೇಲೆ ಇದೇ ಹಿತ್ತಲಲ್ಲಿ, ಇದೇ ಒಗೆಯೋ ಕಲ್ಲನ್ನ ಬೈದು ಮೀಟಿದೆ. ಹೊರಗೆ ಅಳ್ತಿದೆಯಲ್ಲ ಕೂಸು, ಅದು ನಾನೇ, ತಾತ.”

ಮೇಸ್ತ್ರಿ ಅವಳನ್ನೇ ನೋಡಿದ. ಬೊಚ್ಚುಬಾಯಿ, ಗಾರೆ ಹಿಡಿದ ಕೂದಲು, ತನ್ನದೇ ಮೊಂಡು ಮೂಗು.

“ಬೆಳಗ್ಗೇನೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಗಾರೆ ಬಿಟ್ಟು ಮುದ್ದು ಮಾಡ್ತಾ ಕೂರ್ತಿದ್ರಿ.”

ಮುದುಕ ಬಚ್ಚಲುಮನೆಯ ಬಾಗಿಲು ತೆರೆದು ಹಿಡಿದ. ಅಜ್ಜಿ ನಾಲ್ಕು ಹೆಜ್ಜೆ ಕುಂಟಿ, ಗೋಡೆ ಹಿಡಿದು ನಿಂತಳು.

“ತಾತ, ಮಂಡಿ ಹಿಡ್ಕೊಂಡಿದೆ. ಎತ್ಕೊಳ್ಳಿ,” ಎಂದು ಪಿಸುಗುಟ್ಟಿದಳು.

ಮೇಸ್ತ್ರಿ ಮೂಗು ಒರೆಸಿಕೊಂಡು ಬಗ್ಗಿದ. ಮೊಮ್ಮಗಳು ಸಿಮೆಂಟು ಚೀಲಕ್ಕಿಂತ ಭಾರವಾಗಿದ್ದಳು. ಆದರೂ ಎಳೆಗೂಸನ್ನು ಎತ್ತುವವರಂತೆ ತಲೆಯ ಹಿಂದೆ ಒಂದು ಕೈ ಕೊಟ್ಟು, ಮೆಲ್ಲಗೆ ಎತ್ತಿಕೊಂಡು ಒಳಗೆ ನಡೆದ.