ಹಂಚುಬುಟ್ಟಿಗೆ ಬಾರದ ಕನ್ನಡ

"ಅಕ್ಕಾ, ಇನ್ಮೇಲೆ ಈ ಬೀದೀಲಿ ಯಾರೂ ಲೋಟ ಹಿಡ್ಕೊಂಡು ಯಾರ ಬಾಗಿಲಿಗೂ ಹೋಗೋ ಹಾಗಿಲ್ಲ!"

ಚಂದ್ರಮೌಳಿ ಹೀಗೆಂದು ಸಾರಿದಾಗ ವಿಶಾಲಾಕ್ಷಮ್ಮನ ಎದೆ ಧಸಕ್ಕೆಂದಿತು. ತಮ್ಮ ಇಷ್ಟು ಖುಷಿಯಾಗಿದ್ದಾನೆಂದರೆ ಊರಿಗೆ ಏನೋ ಕಾದಿದೆ ಎಂದೇ ಅರ್ಥ. ಹಿಂದಿನ ಸಲ ಹೀಗೇ ಹಲ್ಲು ಬಿಟ್ಟುಕೊಂಡು ಬಂದಾಗ ಅವನ ದೋಸೆ ಯಂತ್ರ ಕಾವಲಿ ಬಿಟ್ಟು ಸೂರಿಗೆ ದೋಸೆ ಹುಯ್ದಿತ್ತು!

ತಿಪಟೂರಿನ ಗಾಣದ ಬೀದಿ ಬಲು ಇಕ್ಕಟ್ಟು. ಈ ಮನೆಯವರು ಸೀನಿದರೆ ಎದುರು ಮನೆಯವರು "ಚಿರಂಜೀವಿ" ಅನ್ನುವಷ್ಟು ಹತ್ತಿರ. ಆದರೇನು ಬಂತು? ಒಬ್ಬರ ಹಿತ್ತಿಲಲ್ಲಿ ನುಗ್ಗೆಕಾಯಿ ಒಣಗಿ ಕಡ್ಡಿಯಾಗುತ್ತಿದ್ದರೆ, ಪಕ್ಕದ ಮನೆಯವರು ಬರೀ ಬೇಳೆ ಸಾರು ಉಣ್ಣುತ್ತಿದ್ದರು. ಕೇಳುವವರಿಗೆ ನಾಚಿಕೆ, ಕೊಡುವವರಿಗೆ ಬಿಗುಮಾನ. ಇದನ್ನು ಬಗೆಹರಿಸಲು ಹೊರಟವನು ಐಟಿಐ ಮೇಷ್ಟರ ಕೆಲಸದಿಂದ ನಿವೃತ್ತನಾದ ಚಂದ್ರಮೌಳಿ. ಮದುವೆಯಾಗದ ಗಂಡಸು, ಜನ್ಮವೆಲ್ಲ ಮೆಸ್ಸಿನಲ್ಲಿ ಉಂಡವನು. ಅಡುಗೆಮನೆಗೆ ಕಾಲಿಟ್ಟವನೇ ಅಲ್ಲ. ಅಲ್ಲೇ ಎಡವಟ್ಟಾದದ್ದು.

ಯಂತ್ರದ ಹೆಸರು ಹಂಚುಬುಟ್ಟಿ. ಬೀದಿಯುದ್ದಕ್ಕೂ ಮನೆಗಳ ತಲೆಯ ಮೇಲೆ ಉಕ್ಕಿನ ಹಗ್ಗ, ಅದರ ಮೇಲೆ ಓಡುವ ದೊಡ್ಡ ಬಿದಿರುಬುಟ್ಟಿ, ಬುಟ್ಟಿಗೊಂದು ಇಕ್ಕಳದಂಥ ಕಬ್ಬಿಣದ ಕೈ. ಪ್ರತಿ ಅಡುಗೆಮನೆಯ ಕಿಟಕಿಗೂ ಒಂದು ತಗಡಿನ ಆಲಿಕೆ.

"ಆ ಆಲಿಕೆ ಯಂತ್ರದ ಕಿವಿ ಅಕ್ಕಾ. 'ಹೆಚ್ಚಾಗಿದೆ', 'ತುಂಬಿದೆ' ಅಂತ ಕೇಳಿಸಿದ ಮನೆಯಿಂದ ಎತ್ಕೊಳ್ಳುತ್ತೆ. 'ಬೇಕು' ಅಂದ ಮನೆಗೆ ಇಳಿಸುತ್ತೆ. ನೋಡ್ತಿರು!"

ಎದುರು ಮನೆಯ ಜಲಜಾಕ್ಷಿ ಕಿಟಕಿಯಿಂದ "ಕರಿಬೇವು ಬೇಕು!" ಎಂದು ಕೂಗಿದಳು. ಮೂಲೆಮನೆಯವರು "ನಮ್ಮಲ್ಲಿ ಹೆಚ್ಚಾಗಿದೆ!" ಎಂದರು. ಬುಟ್ಟಿ ಗರಗರ ಓಡಿ, ಕಬ್ಬಿಣದ ಕೈ ಕರಿಬೇವಿನ ಕೊಂಬೆಯನ್ನು ತಂದು ಜಲಜಾಕ್ಷಿಯ ಒಗ್ಗರಣೆ ಸೌಟಿಗೇ ಇಳಿಸಿತು! ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

ತಟ್ಟದವರು ಕೊನೇ ಮನೆಯ ಪುಟ್ಟರಂಗಪ್ಪನವರು ಒಬ್ಬರೇ. ಯಾರಿಗೂ ಒಂದು ಕಡ್ಡಿ ಕೊಟ್ಟವರಲ್ಲ, ಯಾರಿಂದಲೂ ಒಂದು ಹಿಡಿ ಉಪ್ಪು ಇಸಕೊಂಡವರಲ್ಲ. "ಆ ತಗಡು ನನ್ನ ಮನೆಗೆ ತಾಗಿಸಿದ್ರೆ ಕೈ ಮುರೀತೀನಿ!" ಎಂದಿದ್ದರು. ಬೀದಿಯ ಒಗ್ಗಟ್ಟು ಕೆಡಬಾರದೆಂದು ಚಂದ್ರಮೌಳಿ ಅವರ ಕಿಟಕಿಯೆದುರಿನ ಕರೆಂಟು ಕಂಬಕ್ಕೆ ಆಲಿಕೆ ಕಟ್ಟಿ ಬಂದಿದ್ದ.

ಮರುದಿನ ವಿಶಾಲಾಕ್ಷಮ್ಮನ ಮಗಳು ಸುಮತಿಯ ಸೀಮಂತ. ಅರಸೀಕೆರೆಯಿಂದ ಬೀಗರು ಬರುವವರು. ವಿಶಾಲಾಕ್ಷಮ್ಮನ ಜೀವ ಅಂಗೈಯಲ್ಲಿತ್ತು. ಮಗಳ ಮದುವೆಯಲ್ಲಿ ಕೊನೇ ಪಂಕ್ತಿಗೆ ಹೋಳಿಗೆ ಸಾಲದೆ ಬಂದಿತ್ತು. ಅಂದಿನಿಂದ ಬೀಗಿತ್ತಿ ತ್ರಿಪುರಾಂಬ, ಸುಮತಿ ಉಣ್ಣಲು ಕೂತಾಗಲೆಲ್ಲ, "ತಿನ್ನಮ್ಮಾ ತಿನ್ನು, ನಿಮ್ಮ ತವರಿನ ಹಾಗೆ ಇಲ್ಲಿ ಅಳೆದು ಬಡಿಸೋದಿಲ್ಲ" ಎಂದು ಕುಟುಕುತ್ತಿದ್ದಳು.

"ಅಮ್ಮಾ, ಈ ಸಲಾನೂ ಕಡಮೆ ಬಿದ್ರೆ, ನಾಳೆ ನನ್ನ ಮಗೂನೂ ಈ ಮಾತು ಕೇಳ್ಕೊಂಡೇ ಬೆಳೀಬೇಕು" ಎಂದು ಸುಮತಿ ಕಣ್ಣಲ್ಲಿ ನೀರು ಹಾಕಿಕೊಂಡಿದ್ದಳು. ಹೆತ್ತ ಕರುಳು ಚುರ್ ಎನ್ನದೆ ಇರುತ್ತದೆಯೇ?

ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ನೆರವಿಗೆ ಬಂದರು. ಜಲಜಾಕ್ಷಿ ಹೂರಣ ರುಬ್ಬಿ, ಡಬ್ಬಿ ಇಣುಕಿ ಹೇಳಿದಳು:

"ವಿಶಾಲಕ್ಕಾ, ಬೆಲ್ಲ ತುಂಬಿದೆ ಕಣ್ರೀ. ಅಂಗಡಿಗೆ ಯಾರನ್ನಾದ್ರೂ ಕಳಿಸಿ."

ತಪ್ಪೇನು ಹೇಳಿದಳು? ಶುಭದ ಮನೆಯಲ್ಲಿ, ಅದೂ ಅಡುಗೆ ಒಲೆಯ ಮುಂದೆ, "ಇಲ್ಲ", "ಮುಗೀತು" ಅನ್ನುವುದುಂಟೇ? ಲಕ್ಷ್ಮಿ ಎದ್ದು ಹೋಗುವುದಿಲ್ಲವೇ? ಮುಗಿದರೆ "ತುಂಬಿದೆ", "ಹೆಚ್ಚಾಯ್ತು" ಅನ್ನಬೇಕು, ಅದು ಅಜ್ಜಿ ಕಾಲದಿಂದ ಬಂದ ಮಾತು. ಆದರೆ ಯಂತ್ರಕ್ಕೆಲ್ಲಿಯ ಅಜ್ಜಿ! ಕಬ್ಬಿಣದ ಕೈ ಕಿಟಕಿಯಿಂದ ತೂರಿ ಬಂದು, ತಳದಲ್ಲಿದ್ದ ಬೆಲ್ಲದ ಚೂರಿನ ಸಮೇತ ಡಬ್ಬಿ ಎತ್ತಿಕೊಂಡು ಹೋಯಿತು.

"ಅಯ್ಯಯ್ಯೋ ಡಬ್ಬಿ! ಎಣ್ಣೇನೂ ಈಗ್ತಾನೆ ಹೆಚ್ಚಾಯ್ತು ಅಂತಿದ್ದೆ!"

ಎಣ್ಣೆ ಟಿನ್ನೂ ಹೋಯಿತು. "ಅರಿಶಿನಾನೂ ಹೆಚ್ಚಾಗಿದೆ ಅಂತ ಹೇಳೋಷ್ಟರಲ್ಲಿ..." ಅರಿಶಿನದ ಭರಣಿ ಹೋಯಿತು! ಒಂದೇ ಮನೆಯಿಂದ ಇಷ್ಟು ಸಲ ಕೇಳಿದ ಯಂತ್ರ, ಇದು ಕುಬೇರನ ಮನೆಯೇ ಇರಬೇಕೆಂದುಕೊಂಡು ಹೂರಣ, ನಾದಿಟ್ಟ ಕಣಕ, ಅಕ್ಕಿಮೂಟೆ, ಕಡೆಗೆ ಒಲೆಯ ಮೇಲಿನ ಸಾರನ್ನೂ ಹೊತ್ತುಕೊಂಡು ಹೊರಟಿತು.

"ಲೋ ಚಂದ್ರೂ! ನಿಲ್ಸೋ ನಿನ್ನ ಪಿಶಾಚೀನ!"

"ಯಂತ್ರ ಸರಿಯಾಗೇ ಇದೆ ಅಕ್ಕಾ! ತುಂಬಿದೆ ಅಂತ ನೀವೇ ಅಂದ್ರಲ್ಲ!"

"ಮುಗಿದಿದ್ದಕ್ಕೆ ತುಂಬಿದೆ ಅಂತೀವಿ ಕಣೋ ಮಂಕೆ!"

"ಹಾಗಾದ್ರೆ ತುಂಬಿದ್ದಕ್ಕೆ?"

"ಅದಕ್ಕೂ ತುಂಬಿದೆ ಅಂತೀವಿ!"

"ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಹೇಳೋರ ಮುಖ ನೋಡಿದ್ರೆ ಗೊತ್ತಾಗುತ್ತೆ!"

ಚಂದ್ರಮೌಳಿ ತಲೆ ಕೆರೆದುಕೊಂಡ. ಯಂತ್ರಕ್ಕೆ ಅವನು ಕಿವಿ ಇಟ್ಟಿದ್ದನೇ ಹೊರತು ಕಣ್ಣಿಟ್ಟಿರಲಿಲ್ಲ.

ಅಷ್ಟರಲ್ಲಿ ಬೀದಿಯ ಕೊನೆಯಿಂದ ಗುಡುಗು ಕೇಳಿಸಿತು. ಎಲ್ಲರೂ ಓಡಿದರು. ಪುಟ್ಟರಂಗಪ್ಪನವರ ಅಂಗಳದಲ್ಲಿ ಸಾಮಾನು ಸೂರು ಮುಟ್ಟುವಂತಿತ್ತು. ನಡುವೆ ನಿಂತು ಅವರು ಕಂಬದ ಆಲಿಕೆಯತ್ತ ಕೈ ಚಾಚಿ ಕಿರುಚುತ್ತಿದ್ದರು:

"ಬೇಡ ಅಂದ್ನಲ್ಲ! ನಿಮ್ಮ ಸಾಮಾನು ಯಾವನಿಗೆ ಬೇಕು? ಏತಕ್ಕೆ ಬೇಕು? ನಂಗೇನು ಬೇಕು ಅಂತ ನಂಗೊತ್ತಿಲ್ವಾ?"

ಪ್ರತಿ "ಬೇಕು"ಗೂ ಒಂದೊಂದು ಮೂಟೆ ಧೊಪ್ಪೆಂದು ಇಳಿಯುತ್ತಿತ್ತು! ಬರೀ ವಿಶಾಲಾಕ್ಷಮ್ಮನದಲ್ಲ. ಆ ಬೆಳಿಗ್ಗೆ ಯಾವ್ಯಾವ ಮನೆಯ ಗೃಹಿಣಿ "ತುಂಬಿದೆ" ಅಂದಿದ್ದಳೋ ಅವರೆಲ್ಲರ ಡಬ್ಬಿ, ಭರಣಿ, ಕುಕ್ಕರು, ಕೊಬ್ಬರಿ ಅಲ್ಲೇ ಬಿದ್ದಿದ್ದವು. ಯಾರ ಬೇಳೆ ಯಾರ ಅಕ್ಕಿಯ ಮೇಲೆ ಚೆಲ್ಲಿದೆಯೋ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ಹೊತ್ತು ಏರುತ್ತಿತ್ತು. ವಿಶಾಲಾಕ್ಷಮ್ಮ ಜಗಲಿಯ ಮೇಲೆ ಕುಸಿದು ಅತ್ತೇಬಿಟ್ಟಳು. "ಬೀಗರು ಈಗ ಬರ್ತಾರೆ. ಇದನ್ನೆಲ್ಲ ಆರಿಸಿ, ಮನೆಗೆ ಹೊತ್ತು, ಯಾವಾಗ ಬೇಯಿಸ್ಲಿ? ನನ್ನ ಮಗಳ ಬಾಳೆಲ್ಲ ಆ ಮಾತು ಕೇಳೋದೇ ಆಯ್ತು!"

"ಹೊರೋದ್ಯಾಕೆ? ಇಲ್ಲೇ ಬೇಯಿಸೋಣ!" ಎಂದಳು ಜಲಜಾಕ್ಷಿ. "ಯಾರದ್ದಾದ್ರೇನು, ಬೆಂದ ಮೇಲೆ ಎಲ್ಲ ಒಂದೇ."

ಎಲ್ಲರೂ ಪುಟ್ಟರಂಗಪ್ಪನವರ ಮುಖ ನೋಡಿದರು. ಅವರು ಮೂಟೆಗಳನ್ನು ನೋಡಿದರು, ಅಳುವ ವಿಶಾಲಾಕ್ಷಮ್ಮನನ್ನು ನೋಡಿದರು, ಮೀಸೆ ಕಚ್ಚಿದರು.

"ನನ್ನ ಅಂಗಳದಲ್ಲಿ ಬೆಂದಿದ್ದು ಕಡಮೆ ಬಿತ್ತು ಅಂತ ಅರಸೀಕೆರೆಯೋರ ಬಾಯಲ್ಲಿ ಬರಕೂಡದು! ಏಳಮ್ಮಾ ತಾಯಿ, ಒಲೆ ಹೂಡು! ಅಲ್ಲೇನ್ ನೋಡ್ತಿದ್ದೀರಿ, ಸೌದೆ ತನ್ರೋ!"

ಆಮೇಲೆ ನೋಡಬೇಕಿತ್ತು! ಒಬ್ಬರು ಲಟ್ಟಿಸಿದರು, ಒಬ್ಬರು ಬೇಯಿಸಿದರು. ಗಂಡಸರು ಕಾಯಿ ತುರಿದರು, ಬೆರಳನ್ನೂ ತುರಿದುಕೊಂಡರು. ಪುಟ್ಟರಂಗಪ್ಪನವರು "ಇನ್ನೂ ತುಪ್ಪ ಹಾಕ್ರಿ!" ಎಂದು ಊರ ತುಪ್ಪದಲ್ಲಿ ಧಾರಾಳವಾದರು. ಬೀಗರು ಬಂದಾಗ ಹೋಳಿಗೆಯ ರಾಶಿ ಸುಮತಿಯ ಭುಜದೆತ್ತರ ಇತ್ತು.

ತ್ರಿಪುರಾಂಬಳಿಗೆ ಮಂಡಿನೋವು. ಆಕೆ ಅಂಗಳದ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉಂಡಳು. ಕಡಮೆ ಬೀಳಲಿ ಎಂದು ಕೇಳಿ ಕೇಳಿ ಹಾಕಿಸಿಕೊಂಡಳು. ಬಡಿಸುವವರು ಬಡಿಸುತ್ತಲೇ ಇದ್ದರು. ಕಡೆಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಬೀದಿಗೇ ಕೇಳುವಂತೆ ಸೋಲೊಪ್ಪಿದಳು:

"ಸಾಕು ಕಣ್ರೀ ಬೀಗಿತ್ತೀ! ಹೊಟ್ಟೆ ತುಂಬಿದೆ!"

ವಿಶಾಲಾಕ್ಷಮ್ಮನ ಕಣ್ಣಲ್ಲಿ ಆನಂದಬಾಷ್ಪ ಬಂತು. ಗಡಿಬಿಡಿಯಲ್ಲಿ ಯಾರೂ ಆರಿಸಿರದ ಯಂತ್ರವೂ ಬಂತು. ಯಾರಾದರೂ ಬಾಯಿ ತೆರೆಯುವ ಮೊದಲೇ ಕಬ್ಬಿಣದ ಕೈ ಇಳಿದು, ತುಂಬಿದ ಹೊಟ್ಟೆಯನ್ನು ಕುರ್ಚಿಯ ಸಮೇತ, ಬೀಗಿತ್ತಿಯ ಸಮೇತ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟಿತು!

"ಅಯ್ಯೋ, ಇಳಿಸ್ರೋ!" ತ್ರಿಪುರಾಂಬ ಬೀದಿಯ ನಟ್ಟನಡುವೆ, ಮಾಳಿಗೆಗಳ ಎತ್ತರದಲ್ಲಿ ತೂಗಾಡುತ್ತ ನಿಂತಳು.

"ಸ್ವಿಚ್ ಆರಿಸಿದ್ರೆ ಬುಟ್ಟಿ ಬಿದ್ದೇಹೋಗುತ್ತೆ" ಎಂದ ಚಂದ್ರಮೌಳಿ ಬೆವರೊರೆಸುತ್ತ, ಕಂಬದ ಆಲಿಕೆಗೆ ಕೇಳಿಸದಂತೆ ಪಿಸುದನಿಯಲ್ಲಿ. "ಭಯ ಏನಿಲ್ಲ. ಬೇಕು ಅನ್ನೋರು ಸಿಗದೆ ನಿಂತಿದೆ, ಅಷ್ಟೆ. ಯಾರಾದ್ರೂ 'ಬೀಗಿತ್ತಿ ಬೇಕು' ಅಂದ್ಬಿಡಿ, ಅವರ ಮನೆಗೇ ತಂದು ಇಳಿಸುತ್ತೆ."

ಇಡೀ ಬೀದಿ ಆಕಾಶ ನೋಡತೊಡಗಿತು. ಪುಟ್ಟರಂಗಪ್ಪನವರಂತೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ವಿಶಾಲಾಕ್ಷಮ್ಮ ಹೇಳಬೇಕೆಂದೇ ಇದ್ದಳು, ಆದರೆ ನಗು ತಡೆಯಲು ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

"ಸುಮತೀ!" ಆಲಿಕೆಗಳಿಗೆ ಎಟುಕದ ಎತ್ತರದಿಂದ ಕೂಗು ಬಂತು. "ನನ್ನ ಬಂಗಾರ! ನೀನಾದ್ರೂ ಅತ್ತೆ ಬೇಕು ಅನ್ನೇ!"

ಸುಮತಿ ಅಂದಳು. ಅನ್ನಲಿಲ್ಲವೆಂದು ಯಾರೂ ಆಡುವ ಹಾಗಿಲ್ಲ. ಅದಕ್ಕೆ ಮೊದಲು ನಿಧಾನವಾಗಿ ಎಲೆ ಮಡಚಿ, ಕೈ ತೊಳೆದು, ಒಂದು ಲೋಟ ಮಜ್ಜಿಗೆ ಕುಡಿದಳು, ಅಷ್ಟೆ.