9,99,919ರ ಜಾತಕ

ಗಣಿತದ ಮೇಷ್ಟ್ರು ನಿವೃತ್ತರಾದರೂ ಅವರ ಅಹಂಕಾರಕ್ಕೆ ನಿವೃತ್ತಿಯಿಲ್ಲ. ಇದನ್ನು ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದೇನೆ. ಮೂವತ್ತು ವರ್ಷ ಬೀಜಗಣಿತ ಕಲಿಸಿದವನು ಈಗ ಸಿದ್ಧಾರ್ಥನಗರದ ಮನೆಯಲ್ಲಿ ಹುರುಳಿಕಾಯಿ ಹೆಚ್ಚಿಕೊಡುತ್ತೇನೆ, ಅದೂ ಒಂದೇ ಅಳತೆಗೆ ಬರಲಿಲ್ಲವೆಂದು ಹೆಂಡತಿ ಗಿರಿಜಳಿಂದ ಬೈಸಿಕೊಳ್ಳುತ್ತೇನೆ. ಹಾಗಾಗಿ ಕಳೆದ ಭಾನುವಾರ ಆರನೇ ಕ್ಲಾಸಿನ ಮೊಮ್ಮಗಳು ಮಾನ್ಯ ನೋಟ್‌ಬುಕ್ ಹಿಡಿದು ಬಂದಾಗ ನನಗೆ ಹಳೆಯ ಕುರ್ಚಿಯೇ ಮರಳಿ ಸಿಕ್ಕಂತಾಯಿತು.

ಆರು ಅಂಕಿಯ ಸಂಖ್ಯೆಯೊಂದನ್ನು ಆರಿಸಿ ಅದರ ಜಾತಕ ಬರೆದು, ಕ್ಲಾಸಿನೆದುರು ಓದಬೇಕಂತೆ: ಸಮವೋ ಬೆಸವೋ, ವರ್ಗಸಂಖ್ಯೆಯೋ, ಅಥವಾ ಒಂದನ್ನೂ ತನ್ನನ್ನೂ ಬಿಟ್ಟು ಯಾರಿಂದಲೂ ಭಾಗವಾಗದ ಅವಿಭಾಜ್ಯವೆಂಬ ಹಠಮಾರಿಯೋ. ಒಂಬತ್ತೆಂದರೆ ಪ್ರಾಣ ಬಿಡುವ ಮಾನ್ಯ 9,99,919 ಎಂದು ಬರೆದಿದ್ದಳು. ಅವಳ ಮಿಸ್ ಲತಾ ನನ್ನದೇ ಹಳೆಯ ಶಿಷ್ಯೆ. ಅವಸರದಲ್ಲಿ ಲೆಕ್ಕ ಕೆಡಿಸುತ್ತಿದ್ದ ಅವಳ ಉತ್ತರಪತ್ರಿಕೆಗಳ ಮೇಲೆಲ್ಲ ನಾನು ಕೆಂಪು ಶಾಯಿಯಲ್ಲಿ ‘ಆತುರ ಬೇಡ’ ಎಂದು ಬರೆಯುತ್ತಿದ್ದೆ.

ಸಂಖ್ಯೆ ಬೆಸ. ಅಂಕಿಗಳ ಮೊತ್ತ ನಲವತ್ತಾರು, ಮೂರಕ್ಕೆ ಸಂಬಂಧವಿಲ್ಲ. ಏಳು, ಹನ್ನೊಂದು, ಹದಿಮೂರು ಎಲ್ಲರೂ ಬಂದು ಬರಿಗೈಯಲ್ಲಿ ವಾಪಸಾದರು. ವರ್ಗಮೂಲದವರೆಗೆ, ಅಂದರೆ ಸಾವಿರದವರೆಗೂ ನೋಡಬೇಕೆಂದು ಗೊತ್ತಿಲ್ಲದವನೇನಲ್ಲ ನಾನು. ಆದರೆ ಮುನ್ನೂರರ ಹತ್ತಿರ ಬರುವಷ್ಟರಲ್ಲಿ ಗಿರಿಜ ಚುರುಮುರಿ ತಂದಿಟ್ಟಳು.

“ಅವಿಭಾಜ್ಯ. ಬರ್ಕೊಂಬುಡು” ಎಂದೆ.

“ಪೂರ್ತಿ ನೋಡಿದ್ರಾ ತಾತ?”

“ತಾತ ಹೇಳ್ತಿದೀನಿ ಕಣಮ್ಮ.”

ಮರುದಿನ ಅವಳು ಶಾಲೆಗೆ ಹೋದ ಮೇಲೆ ಗಿರಿಜಳ ಮುಂದೆ ಆ ಸಂಖ್ಯೆಯ ಹಠವನ್ನು ಹೊಗಳುತ್ತಾ ಕೂತೆ. ಗಿರಿಜಳ ತಂದೆಗೆ ಲಷ್ಕರ್ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿಯಿತ್ತು. ಆ ಮನೆಯವರು ದೊಡ್ಡ ಸಂಖ್ಯೆಗಳನ್ನು ಓದುವುದೇ ಹತ್ತಿರದ ಪೂರ್ಣ ಮೊತ್ತಕ್ಕೆ ಎಷ್ಟು ಕೊರತೆಯೆಂದು ಲೆಕ್ಕ ಹಿಡಿದು. ಅಕ್ಕಿ ಆರಿಸುತ್ತಾ, “ಹತ್ತು ಲಕ್ಷಕ್ಕೆ ಎಂಬತ್ತೊಂದು ಕಮ್ಮಿ ಅನ್ನಿ” ಎಂದಳು.

ನನ್ನ ಹೊಗಳಿಕೆ ಅಲ್ಲಿಗೇ ನಿಂತಿತು. ಹತ್ತು ಲಕ್ಷವೆಂದರೆ ಸಾವಿರದ ವರ್ಗ, ಎಂಬತ್ತೊಂದು ಒಂಬತ್ತರ ವರ್ಗ. ಸಾವಿರದಿಂದ ಒಂಬತ್ತು ಕಳೆದರೆ 991, ಕೂಡಿದರೆ 1009; ಇವೆರಡನ್ನು ಗುಣಿಸಿದರೆ ನಮ್ಮ ಹಠಮಾರಿ! ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಸೂತ್ರವಿದು.

ಶಾಲೆಗೆ ಆಟೋ ಹತ್ತಿದೆ. ನನ್ನ ತಪ್ಪನ್ನು ಓದಿ ಮಗು ನಗೆಪಾಟಲಾಗುತ್ತದಲ್ಲ ಎಂದು ಸಂಕಟ. ಅದರಲ್ಲಿ ಅರ್ಧ ಪಾಲು ಲತಾಳ ಭಯ, ಸುಳ್ಳೇಕೆ ಹೇಳಲಿ.

ಲತಾ ಸ್ಟಾಫ್ ರೂಮಿನ ಬಾಗಿಲಲ್ಲೇ ಸಿಕ್ಕಳು. “ಬನ್ನಿ ಸಾರ್. ಮಾನ್ಯ ಆಗ್ಲೇ ಓದಿದ್ಲು, ಪೂರ್ತಿ ಮಾರ್ಕ್ಸ್ ಕೊಟ್ಟಿದೀನಿ” ಎಂದು ನೋಟ್‌ಬುಕ್ ತೆರೆದಳು. ಮಾನ್ಯಳ ದುಂಡು ಅಕ್ಷರದಲ್ಲಿತ್ತು: ‘ಮುನ್ನೂರರವರೆಗೆ ಯಾವುದರಿಂದಲೂ ಭಾಗವಾಗಲಿಲ್ಲ. ಮುಂದೆ ತಾತ ನೋಡಲಿಲ್ಲ. ಅವಿಭಾಜ್ಯ ಎಂದು ತಾತ ಹೇಳುತ್ತಾರೆ. ನನಗೆ ಇನ್ನೂ ಗೊತ್ತಿಲ್ಲ.’

ಒಂದಕ್ಷರವೂ ತಪ್ಪಿರಲಿಲ್ಲ. ಎದೆಯ ಮೇಲಿನ ಚಪ್ಪಡಿ ಇಳಿಸಿದಷ್ಟು ಹಗುರಾಯಿತು. ಅಲ್ಲೇ ಬೆಂಚಿನ ಮೇಲೆ ಕುಳಿತು ಒಂದು ಲೋಟ ನೀರು ಕುಡಿದೆ. ಆಮೇಲೆ ಪುಟದ ಕೆಳಗೆ ಕಣ್ಣು ಹೋಯಿತು. ಕೆಂಪು ಶಾಯಿಯಲ್ಲಿ, ‘ತಾತನಿಗೆ: ಆತುರ ಬೇಡ.’ ಪಕ್ಕದಲ್ಲಿ ಪೋಷಕರ ಸಹಿಗೆ ಜಾಗ ಬಿಟ್ಟಿದ್ದಳು. ನನ್ನ ಜೇಬಿನಲ್ಲಿ ಪೆನ್ನಿರಲಿಲ್ಲ. ಅವಳ ಕೆಂಪು ಪೆನ್ನನ್ನೇ ಕೇಳಿ ಪಡೆದು ಸಹಿ ಹಾಕಿದೆ.